ಮೊದಲ ಡಬಲ್ಸ್: ಬೈಕಿನ ಹಿಂದೆ ಒಬ್ಬರನ್ನು ಕೂರಿಸಿಕೊಳ್ಳುವವರಿಗೆ ಸಮಗ್ರ ಮಾರ್ಗದರ್ಶಿ

ನಾನು ಮೊದಲ ಸಲ ಡಬಲ್ಸ್ ಹೋಗಿದ್ದು ಅಪ್ಪನನ್ನು ಹಿಂದೆ ಕೂರಿಸಿಕೊಂಡು. ಹನುಮಂತನಗರದ ಮನೆಯಿಂದ ಗಾಂಧಿಬಜಾರಿಗೆ, ಎರಡು ಕಿಲೋಮೀಟರಿನ ಆಸುಪಾಸಿನ ದಾರಿ. ಅಷ್ಟರಲ್ಲಿ ಅಪ್ಪನ ಹೆಲ್ಮೆಟ್ಟು ನನ್ನ ಹೆಲ್ಮೆಟ್ಟಿಗೆ ಹನ್ನೊಂದು ಸಲ ಟಕ್ಕೆಂದು ಬಡಿದಿತ್ತು. ಲೆಕ್ಕ ಇಟ್ಟಿದ್ದು ನಾನಲ್ಲ, ಅವರು. ಗಾಡಿ ನಿಲ್ಲಿಸಿದ ಮೇಲೆ ಇಳಿದು, ಚೀಲ ಕೊಡವಿಕೊಂಡು, "ಹನ್ನೊಂದು" ಎಂದಷ್ಟೇ ಹೇಳಿ ಸೊಪ್ಪಿನವಳ ಕಡೆ ನಡೆದರು. ಮೂವತ್ತು ವರ್ಷ ಬೈಕು ಓಡಿಸಿದ ಮನುಷ್ಯ. ನನಗೆ ಕ್ಲಚ್ಚು ಹಿಡಿಯುವುದನ್ನು ಕಲಿಸಿದ್ದೂ ಅವರೇ. ಬೈಯಬಹುದಿತ್ತು. ಬೈದಿದ್ದರೆ ನನಗೆ ಇಷ್ಟು ನೆನಪಿರುತ್ತಿರಲಿಲ್ಲ.

ಆ ಟಕ್ ಶಬ್ದವನ್ನೇ ಹಿಡಿದುಕೊಂಡು ಇದನ್ನು ಬರೆಯುತ್ತಿದ್ದೇನೆ. ಹಿಂದೆ ಒಬ್ಬರಿರುವಾಗ ನಿಮ್ಮ ಸವಾರಿ ಹೇಗಿದೆ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಮೀಟರ್ ನನಗೆ ಗೊತ್ತಿಲ್ಲ. ಬ್ರೇಕನ್ನು ಒಮ್ಮೆಲೇ ಹಿಡಿದರೆ ಟಕ್. ಗೇರು ಬದಲಿಸುವಾಗ ಎಕ್ಸಲೇಟರನ್ನು ಪೂರ್ತಿ ಬಿಟ್ಟರೆ ಟಕ್. ಒಬ್ಬರೇ ಇದ್ದಾಗಲೂ ಇವೇ ತಪ್ಪು ಮಾಡುತ್ತಿರುತ್ತೀರಿ. ಆದರೆ ಗಾಡಿ ಜಗ್ಗುವುದು ನಿಮಗೆ ಮೊದಲೇ ಗೊತ್ತಿರುವುದರಿಂದ ಮೈ ತಾನಾಗಿ ಸಾವರಿಸಿಕೊಂಡಿರುತ್ತದೆ. ಹಿಂದೆ ಕೂತವರಿಗೆ ಆ ಮುನ್ಸೂಚನೆ ಇಲ್ಲ.

ಕಾಗದಪತ್ರ

ಇದನ್ನು ಬೇಗ ಮುಗಿಸಿಬಿಡೋಣ. ನಿಮ್ಮ ಹತ್ತಿರ ಇರುವುದು ಎಲ್‌ಎಲ್ ಮಾತ್ರವಾದರೆ ಹಿಂದೆ ಯಾರನ್ನೂ ಕೂರಿಸಿಕೊಳ್ಳುವಂತಿಲ್ಲ. ಲೈಸೆನ್ಸ್ ಇದ್ದು ನಿಮಗೆ ಕಲಿಸುತ್ತಿರುವವರು ಮಾತ್ರ ಕೂರಬಹುದು. ಪಕ್ಕಾ ಡಿಎಲ್ ಬಂದ ಮೇಲೂ ಒಬ್ಬರೇ: 1988ರ ಮೋಟಾರು ವಾಹನ ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ ಸವಾರನನ್ನು ಬಿಟ್ಟರೆ ಇನ್ನೊಬ್ಬರಿಗಷ್ಟೇ ಜಾಗ. ಆ ಜಾಗವೂ ಸವಾರನ ಹಿಂದೆ, ಗಟ್ಟಿಯಾಗಿ ಕೂರಿಸಿದ ಸೀಟಿನ ಮೇಲೆ. ಮಗುವನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿ ಶಾಲೆಗೆ ಬಿಡುವುದು ನಮ್ಮೂರಲ್ಲಿ ದಿನನಿತ್ಯದ ನೋಟ, ಆದರೆ ಕಾಯ್ದೆಯಲ್ಲಿ ಅದಕ್ಕೆ ಅವಕಾಶವಿಲ್ಲ.

ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾಗಿ 2016ರ ಜನವರಿಗೇ ಬಂತು. ಹಾಕದಿದ್ದರೆ 500 ರೂಪಾಯಿ ದಂಡ, ಅದೂ ಗಾಡಿಯ ನಂಬರಿಗೆ ಬರುತ್ತದೆ. ದಂಡದ ಮಾತು ಹಾಗಿರಲಿ, "ಹತ್ತಿರದಲ್ಲೇ ಅಲ್ವಾ" ಎಂದು ತಲೆಯ ಮೇಲೆ ಬಟ್ಟಲು ಕವುಚಿದಂತಿರುವ ಟೋಪಿಯನ್ನು ಕೊಡಬೇಡಿ. ಐಎಸ್‌ಐ ಗುರುತು ಇರಲಿ, ಕೆನ್ನೆಗೆ ಒತ್ತಿ ಕೂರಲಿ, ಗದ್ದದ ಕೆಳಗಿನ ಪಟ್ಟಿ ಎರಡು ಬೆರಳು ತೂರುವಷ್ಟೇ ಸಡಿಲವಿರಲಿ. ದೊಡ್ಡದಾದ ಹೆಲ್ಮೆಟ್ ಹಾಕಿಕೊಂಡವರ ತಲೆ ಹಂಪಿನಲ್ಲಿ ಒಂದು ಕಡೆ, ಹೆಲ್ಮೆಟ್ ಇನ್ನೊಂದು ಕಡೆ ಕುಣಿಯುತ್ತಿರುತ್ತದೆ.

ಇನ್ನೊಂದು ಕಾಗದವನ್ನು ಬಹಳ ಜನ ತೆಗೆದೇ ನೋಡಿರುವುದಿಲ್ಲ: ಇನ್ಶೂರೆನ್ಸ್ ಪಾಲಿಸಿ. ಬರೀ ಥರ್ಡ್ ಪಾರ್ಟಿ ಪಾಲಿಸಿಯಿದ್ದರೆ ದ್ವಿಚಕ್ರ ವಾಹನದ ಹಿಂದೆ ಕೂತವರು ಅದರ ವ್ಯಾಪ್ತಿಗೆ ಬರುವುದಿಲ್ಲ ಎಂದು 2008ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಪ್ಯಾಕೇಜ್ ಪಾಲಿಸಿ, ಅಂದರೆ ನಾವು ಫುಲ್ ಇನ್ಶೂರೆನ್ಸ್ ಎನ್ನುವುದು, ಇದ್ದರೆ ಅವರೂ ಅದರೊಳಗೆ ಬರುತ್ತಾರೆ. ನಿಮ್ಮದು ಯಾವುದು ಎಂದು ಇವತ್ತೇ ಫೋನಿನಲ್ಲಿ ತೆಗೆದು ನೋಡಿ.

ಗಾಡಿಯ ತಯಾರಿ

ಒಂದು ಸಣ್ಣ ಲೆಕ್ಕ. ಸ್ಪ್ಲೆಂಡರ್‌ನಂಥ 100 ಸಿಸಿ ಗಾಡಿಯ ತೂಕ ಹೆಚ್ಚುಕಡಿಮೆ 112 ಕೆಜಿ. ಅದರ ಮೇಲೆ 65 ಕೆಜಿಯವರೊಬ್ಬರು ಹತ್ತಿದರೆ ಗಾಡಿಯ ತೂಕದ ಅರ್ಧಕ್ಕಿಂತ ಹೆಚ್ಚು ಭಾರ ಸೇರಿದ ಹಾಗಾಯಿತು. 195 ಕೆಜಿಯ ಕ್ಲಾಸಿಕ್ 350ಗೆ ಅದೇ ಮನುಷ್ಯ ಮೂರನೇ ಒಂದು ಭಾಗ ಅಷ್ಟೇ. "ಹಿಂದೆ ಕೂತಿದ್ದೇ ಗೊತ್ತಾಗ್ಲಿಲ್ಲ" ಎಂದು ಬುಲೆಟ್ಟಿನವರು ಹೇಳುವುದು ಇದಕ್ಕೇ. ಸಣ್ಣ ಗಾಡಿಯವರು ಅದನ್ನು ನಂಬಿ ಹೊರಡಬಾರದು. ಭಾರ ಎಷ್ಟು ಎನ್ನುವುದರ ಜೊತೆಗೆ ಎಲ್ಲಿ ಎನ್ನುವುದೂ ಇದೆ. ಇದು ಎತ್ತರದಲ್ಲಿ, ಹಿಂದಿನ ಚಕ್ರದ ನೆತ್ತಿಯ ಮೇಲೆ ಕೂರುತ್ತದೆ. ಹಾಗಾಗಿ ಬಾಲ ತಗ್ಗುತ್ತದೆ, ಮೂತಿ ಹಗುರಾಗುತ್ತದೆ, ಹ್ಯಾಂಡಲ್ ಸ್ವಲ್ಪ ತೇಲಿದಂತೆ ಅನಿಸುತ್ತದೆ.

ಮೊದಲು ಗಾಳಿ. ಚೈನ್ ಕವರ್ ಮೇಲೋ ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲೋ ಒಬ್ಬರಿಗೆ ಎಷ್ಟು, ಇಬ್ಬರಿಗೆ ಎಷ್ಟು ಎಂದು ಬೇರೆ ಬೇರೆ ಬರೆದಿರುತ್ತದೆ. ನನ್ನ 150 ಸಿಸಿ ಗಾಡಿಯ ಹಿಂದಿನ ಚಕ್ರಕ್ಕೆ ಒಬ್ಬರಿದ್ದರೆ 28, ಇಬ್ಬರಿದ್ದರೆ 32 ಪಿಎಸ್‌ಐ. ಬಂಕಿನಲ್ಲಿ ಗಾಳಿ ಹಿಡಿಯುವ ಹುಡುಗ ಎಲ್ಲರಿಗೂ ಒಂದೇ ಅಳತೆಯಲ್ಲಿ ತುಂಬುತ್ತಾನೆ. ನಂಬರನ್ನು ನೀವೇ ಬಾಯಿಬಿಟ್ಟು ಹೇಳಿ. ಟೈರು ತಣ್ಣಗಿರುವಾಗ, ಮನೆಗೆ ಹತ್ತಿರದ ಬಂಕಿನಲ್ಲಿ ಹಾಕಿಸಿದರೆ ಲೆಕ್ಕ ಸರಿಯಾಗಿರುತ್ತದೆ.

ಆಮೇಲೆ ಶಾಕ್ಸ್. ಹಿಂದಿನ ಸ್ಪ್ರಿಂಗಿನ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಉಂಗುರವೊಂದು ಇರುತ್ತದೆ. ಸೀಟಿನ ಕೆಳಗಿನ ಟೂಲ್ ಕಿಟ್ಟಿನಲ್ಲಿ ಕೊಕ್ಕೆಯಂಥ ಸ್ಪ್ಯಾನರ್ ಏಕೆ ಕೊಟ್ಟಿದ್ದಾರೆ ಎಂದು ಯೋಚಿಸಿದ್ದರೆ, ಅದು ಇದಕ್ಕೇ. ಒಂದೋ ಎರಡೋ ಮೆಟ್ಟಿಲು ಗಟ್ಟಿ ಮಾಡಿ, ಎಡಕ್ಕೂ ಬಲಕ್ಕೂ ಒಂದೇ ಸಮ. ಮಾಡದಿದ್ದರೆ ದೊಡ್ಡ ಹಂಪಿನಲ್ಲಿ ಗಾಡಿಯ ಹೊಟ್ಟೆ ಉಜ್ಜುತ್ತದೆ, ಹೆಡ್‌ಲೈಟ್ ಎದುರು ಬರುವವರ ಕಣ್ಣಿಗೇ ಹೊಡೆಯುತ್ತದೆ. ಒಂದೇ ಶಾಕ್ ಇರುವ ಗಾಡಿಯಾದರೆ ಮೆಕ್ಯಾನಿಕ್ ಕೈಯಲ್ಲಿ ಮಾಡಿಸುವುದು ವಾಸಿ, ಜಾಗ ಇಕ್ಕಟ್ಟು.

ಚೈನು ತೀರಾ ಬಿಗಿಯಿದ್ದರೆ ಭಾರ ಬಿದ್ದಾಗ ಇನ್ನೂ ಬಿಗಿಯುತ್ತದೆ, ಅದನ್ನೂ ನೋಡಿಕೊಳ್ಳಿ. ಹಿಂದಿನ ಫುಟ್‌ರೆಸ್ಟುಗಳನ್ನು ಬಿಚ್ಚಿ ನೋಡಿ. ತಿಂಗಳುಗಟ್ಟಲೆ ಮಡಚಿದ್ದು ಕೆಸರು ಹಿಡಿದು ಅಲುಗಾಡದೇ ಇರಬಹುದು. ಹಿಡಿದುಕೊಳ್ಳಲು ಹಿಂದಿನ ಕಂಬಿ, ಎಡಗಡೆ ಸೀರೆ ಗಾರ್ಡ್: ಇವೆರಡೂ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಕಡ್ಡಾಯ ಮಾಡಿರುವ ವಸ್ತುಗಳು. ಗಾಡಿ ಕೊಂಡ ವಾರವೇ "ಲುಕ್ ಹಾಳು" ಎಂದು ಸೀರೆ ಗಾರ್ಡ್ ಕಿತ್ತು ಅಟ್ಟಕ್ಕೆ ಎಸೆದವರು ಅದನ್ನು ಇಳಿಸಿಕೊಂಡು ಬನ್ನಿ.

ನಿಮ್ಮ ತಯಾರಿ

ಗಾಡಿಗಿಂತ ಇದು ಮುಖ್ಯ. ಪೀಕ್ ಅವರಿನಲ್ಲಿ ಒಬ್ಬರೇ ಒಂದೆರಡು ತಿಂಗಳು ಓಡಿಸಿರದಿದ್ದರೆ ಇನ್ನೊಬ್ಬರ ಜೀವ ಹಿಂದೆ ಕಟ್ಟಿಕೊಳ್ಳಬೇಡಿ ಎನ್ನುವುದು ನನ್ನ ಮಾತು. ಕಾನೂನು ಹಾಗೆ ಹೇಳುವುದಿಲ್ಲ. ಮೂರು ಪರೀಕ್ಷೆಗಳನ್ನು ನೀವೇ ಇಟ್ಟುಕೊಳ್ಳಿ. ನಡೆದು ಹೋಗುವವರ ಜೊತೆಗೇ, ಅವರ ವೇಗದಲ್ಲೇ, ಕಾಲು ಕೆಳಗಿಡದೆ ಹತ್ತು ಮಾರು ಓಡಿಸಿ. ಎರಡನೆಯದು, ಬಡಾವಣೆಯ ಸಾಧಾರಣ ರಸ್ತೆಯಲ್ಲಿ ಒಂದೇ ಏಟಿಗೆ ಯೂ ಟರ್ನ್. ಮೂರನೆಯದು, ಏರಿನಲ್ಲಿ ನಿಂತ ಗಾಡಿಯನ್ನು ಅಂಗೈ ಅಗಲವೂ ಹಿಂದೆ ಜಾರಿಸದೆ ಹೊರಡಿಸುವುದು. ಈ ಮೂರಕ್ಕೂ ಗುಟ್ಟು ಒಂದೇ: ಹಾಫ್ ಕ್ಲಚ್ಚಿನಲ್ಲಿ ಎಂಜಿನ್ ಎಳೆಯುತ್ತಿರಬೇಕು, ಬಲಗಾಲು ಹಿಂದಿನ ಬ್ರೇಕಿನ ಮೇಲೆ ಹಗುರಾಗಿ ಒತ್ತಿರಬೇಕು. ಡಬಲ್ಸ್‌ನಲ್ಲಿ ಬೀಳುವವರು ಹೆಚ್ಚಾಗಿ ಬೀಳುವುದು ಗೇಟಿನ ಮುಂದೆ, ಪಾರ್ಕಿಂಗಿನಲ್ಲಿ, ಸಿಗ್ನಲ್ ಬಿಟ್ಟ ಮೊದಲ ಐದು ಅಡಿಯಲ್ಲಿ. ವೇಗವೇ ಇಲ್ಲದ ಕಡೆ. ಹಾಗಾಗಿ ನಿಧಾನ ಓಡಿಸುವುದು ಬಂದವರಿಗೆ ಮುಕ್ಕಾಲು ಪಾಲು ಬಂತು.

ಅಭ್ಯಾಸಕ್ಕೆ 25 ಕೆಜಿ ಅಕ್ಕಿ ಮೂಟೆ ಕಟ್ಟಿಕೊಂಡು ಸುತ್ತು ಎಂದು ನನಗೆ ಒಬ್ಬರು ಹೇಳಿದ್ದರು. ಸುತ್ತಿದೆ. ಭಾರ ಹೇಗಿರುತ್ತದೆ ಎಂದು ಗೊತ್ತಾಯಿತು, ನಿಜ. ಆದರೆ ಅಕ್ಕಿ ಮೂಟೆ ಅರ್ಧ ದಾರಿಯಲ್ಲಿ ಫೋನ್ ತೆಗೆಯಲು ಪಕ್ಕಕ್ಕೆ ವಾಲುವುದಿಲ್ಲ.

ಮೊದಲ ಸವಾರಿಗೆ ಯಾರು?

ನಿಮಗಿಂತ ಹಗುರ ಅಥವಾ ನಿಮ್ಮಷ್ಟೇ ತೂಕದ, ಬೈಕಿನ ಹಿಂದೆ ಕೂತು ಅಭ್ಯಾಸವಿರುವ, ಪ್ಯಾಂಟು ಹಾಕಿಕೊಂಡ, ತಕ್ಷಣ ಸಿಟ್ಟಾಗದ ದೊಡ್ಡವರೊಬ್ಬರು. ಮಗು ಬೇಡ. ಸೀರೆಯುಟ್ಟು ಒಂದೇ ಕಡೆ ಕಾಲು ಇಳಿಬಿಟ್ಟು ಕೂರುವವರೂ ಮೊದಲ ದಿನಕ್ಕೆ ಬೇಡ. ಅವರದ್ದು ಬೇರೆಯೇ ಪಾಠ, ಮುಂದೆ ಬರುತ್ತದೆ.

ಇನ್ನೊಂದು ಅನಿರೀಕ್ಷಿತ ಸಲಹೆ: ಚೆನ್ನಾಗಿ ಬೈಕ್ ಓಡಿಸುವವರೂ ಮೊದಲ ದಿನ ಬೇಡ. ಅಪ್ಪ ಪ್ರತಿ ಸಿಗ್ನಲ್ಲಿನಲ್ಲೂ ಅಭ್ಯಾಸಬಲದಿಂದ ತಾವೂ ಎರಡು ಕಾಲು ಕೆಳಗಿಡುತ್ತಿದ್ದರು. ನನ್ನವೆರಡು, ಅವರವೆರಡು. ಇಬ್ಬರೂ ಗಾಡಿಯನ್ನು ತಮ್ಮ ತಮ್ಮ ಕಡೆಗೆ ನೇರ ಮಾಡಲು ಹೋಗಿ ಅದು ಕುಡಿದವರ ಹಾಗೆ ತೂಗಾಡುತ್ತಿತ್ತು. ತಿರುವಿನಲ್ಲಿ ನಾನು ವಾಲಿಸುವ ಮೊದಲೇ ಅವರು ವಾಲಿರುತ್ತಿದ್ದರು. ಹಿಂದಿನ ಫುಟ್‌ರೆಸ್ಟನ್ನು ಬಲಗಾಲಲ್ಲಿ ಒತ್ತುತ್ತಲೇ ಇದ್ದರು, ಇಲ್ಲದ ಬ್ರೇಕಿಗಾಗಿ.

ಹತ್ತಿಸುವ ಮೊದಲಿನ ಮಾತು

ಗಾಡಿ ಸ್ಟಾರ್ಟ್ ಮಾಡುವ ಮೊದಲೇ, ಹೆಲ್ಮೆಟ್ ಹಾಕುವ ಮೊದಲೇ, ಎರಡು ನಿಮಿಷ ನಿಂತು ಮಾತಾಡಿ. ದೊಡ್ಡವರಿಗೆ ಹೇಳಲು ಸಂಕೋಚವಾಗುತ್ತದೆ, ಆದರೂ ಹೇಳಬೇಕು. ನಾನು ಈಗ ಹೇಳುವುದು ಇಷ್ಟು:

"ನಾನು ಹೇಳಿದ ಮೇಲೆ ಹತ್ತಿ, ಹೇಳಿದ ಮೇಲೆ ಇಳೀರಿ. ಸಿಗ್ನಲ್ಲಲ್ಲಿ ಕಾಲು ಕೆಳಗಿಡಬೇಡಿ, ನಾನು ಹಿಡ್ಕೊಂಡಿರ್ತೀನಿ. ತಿರುವಲ್ಲಿ ನೀವೇನೂ ಮಾಡ್ಬೇಡಿ, ಗಾಡಿ ಎತ್ತ ವಾಲುತ್ತೋ ಅತ್ತ ಇರಿ. ಎಡಕ್ಕೆ ತಿರುಗಿದ್ರೆ ನನ್ನ ಎಡಭುಜದ ಮೇಲಿಂದ ನೋಡಿ, ಬಲಕ್ಕಾದ್ರೆ ಬಲಭುಜದ ಮೇಲಿಂದ. ಭಯ ಆದ್ರೆ ಭುಜಕ್ಕೆ ಎರಡು ಸಲ ತಟ್ಟಿ, ಪಕ್ಕಕ್ಕೆ ಹಾಕ್ತೀನಿ."

ಭುಜದ ಮೇಲಿಂದ ನೋಡುವ ಈ ಉಪಾಯ ಸರಳವಾದರೂ ಬಹಳ ಕೆಲಸ ಮಾಡುತ್ತದೆ. "ನನ್ನ ಜೊತೆ ವಾಲಿ" ಎಂದರೆ ಹೊಸಬರು ಅಗತ್ಯಕ್ಕಿಂತ ಹೆಚ್ಚು ವಾಲುತ್ತಾರೆ. "ವಾಲಬೇಡಿ" ಎಂದರೆ ಹೆದರಿ ಎದುರು ದಿಕ್ಕಿಗೆ ಸೆಟೆಯುತ್ತಾರೆ. ತಿರುವಿನ ಒಳಗಿನ ಭುಜದ ಮೇಲಿಂದ ನೋಡುವವರ ಮೈ ತಾನಾಗಿ ಎಷ್ಟು ಬೇಕೋ ಅಷ್ಟೇ ವಾಲುತ್ತದೆ.

ಹಿಡಿದುಕೊಳ್ಳುವುದು ಎಲ್ಲಿ? ಭುಜ ಬೇಡ, ಬ್ರೇಕ್ ಹಿಡಿದಾಗ ಅವರ ಭಾರವೆಲ್ಲ ನಿಮ್ಮ ತೋಳಿಗೆ ಇಳಿದು ಹ್ಯಾಂಡಲ್ ತಿರುಗುತ್ತದೆ. ಒಂದು ಕೈ ಹಿಂದಿನ ಕಂಬಿಯಲ್ಲಿ, ಇನ್ನೊಂದು ನಿಮ್ಮ ಸೊಂಟದಲ್ಲಿ ಅಥವಾ ಬೆಲ್ಟಿನಲ್ಲಿ ಇದ್ದರೆ ಚೆನ್ನ: ಗಾಡಿ ಮುಂದೆ ನುಗ್ಗುವಾಗ ಕಂಬಿ ಹಿಡಿದುಕೊಳ್ಳುತ್ತದೆ, ನಿಲ್ಲುವಾಗ ಸೊಂಟ. ಸೊಂಟ ಹಿಡಿಯಲು ಮುಜುಗರವೆಂದರೆ, ಆಫೀಸಿನವರ ಜೊತೆ ಅದು ಸಹಜ, ಎರಡೂ ಕೈ ಕಂಬಿಯಲ್ಲೇ ಇರಲಿ. ಮಂಡಿಗಳಿಂದ ನಿಮ್ಮ ತೊಡೆಯ ಪಕ್ಕ ಒತ್ತಿಕೊಂಡಿದ್ದರೆ ಸಾಕು. ಫೋನ್ ಹಿಡಿದ ಕೈ ಹಿಡಿದ ಕೈ ಅಲ್ಲ, ಇದನ್ನೂ ಹೇಳಿಬಿಡಿ.

ಹತ್ತುವುದು, ಇಳಿಯುವುದು

ಮೊದಲು ನೀವು ಹತ್ತಿ. ಸೈಡ್ ಸ್ಟ್ಯಾಂಡ್ ಎತ್ತಿ, ಎರಡೂ ಪಾದ ನೆಲಕ್ಕೆ ಊರಿ, ಮುಂದಿನ ಬ್ರೇಕ್ ಹಿಡಿದು, ಹ್ಯಾಂಡಲ್ ನೇರ ಇಡಿ. ಗೇರು ನ್ಯೂಟ್ರಲ್. ಹಿಂದಿನ ಫುಟ್‌ರೆಸ್ಟುಗಳು ಬಿಚ್ಚಿವೆಯೇ ಎಂದು ಕಣ್ಣಲ್ಲೇ ನೋಡಿ. ಈಗ "ಹತ್ತಿ" ಅನ್ನಿ.

ಅವರು ಬರಬೇಕಾದ್ದು ಎಡಗಡೆಯಿಂದ. ಬಲಗಡೆ ಸೈಲೆನ್ಸರ್ ಇರುತ್ತದೆ. ಓಡಿ ಬಂದ ಗಾಡಿಯ ಸೈಲೆನ್ಸರಿಗೆ ಮೀನಖಂಡ ತಾಗಿಸಿಕೊಂಡು ಕಪ್ಪು ಗುರುತು ಉಳಿಸಿಕೊಂಡವರು ಪ್ರತಿ ಬೀದಿಗೂ ಒಬ್ಬರಿದ್ದಾರೆ. ನಾವು ಓಡಾಡುವುದೂ ಎಡಗಡೆಯೇ ಆದ್ದರಿಂದ ಫುಟ್‌ಪಾತಿನ ಕಡೆ ಹತ್ತಿ ಇಳಿದ ಹಾಗೂ ಆಗುತ್ತದೆ. ಕಾಲು ಎಟುಕಿದರೆ ನೆಲದಿಂದಲೇ ಬಲಗಾಲು ದಾಟಿಸಲಿ. ಸೀಟು ಎತ್ತರವಾದರೆ ನಿಮ್ಮ ಭುಜದ ಮೇಲೆ ಕೈಯಿಟ್ಟು, ಎಡಗಡೆಯ ಫುಟ್‌ರೆಸ್ಟಿನ ಮೇಲೆ ಎಡಗಾಲು ಇಟ್ಟು ಏಳಬೇಕಾಗುತ್ತದೆ. ಆ ಕ್ಷಣ ಅವರ ಇಡೀ ಭಾರ ಗಾಡಿಯ ಎಡಕ್ಕೆ ಬೀಳುತ್ತದೆ, ನೀವು ಮೊದಲೇ ಬಲಕ್ಕೆ ಸ್ವಲ್ಪ ಬಿಗಿ ಹಿಡಿದಿರಬೇಕು. ನಾನು ಇದನ್ನು ಕಲಿತದ್ದು ಮನೆಯ ಕಾಂಪೌಂಡಿಗೆ ಮೊಣಕೈ ಒರೆಸಿದ ಮೇಲೆ.

ಕೂತವರು "ಕೂತೆ" ಅಂದ ಮೇಲೇ ಗೇರು. ಅವರ ಮೌನವನ್ನು ಒಪ್ಪಿಗೆ ಎಂದುಕೊಂಡು ಹೊರಟು, ಗಾಡಿಯ ಬಾಲದಲ್ಲಿ ಒಂಟಿಕಾಲಿನಲ್ಲಿ ಕುಂಟುತ್ತಿದ್ದವರನ್ನು ಬಿಟ್ಟು ಹೋದ ಕತೆಗಳು ಬೇಕಾದಷ್ಟಿವೆ. ಇಳಿಯುವಾಗ ಇದೇ ಕ್ರಮ ತಿರುಗಾ ಮುರುಗಾ: ಗಾಡಿ ಪೂರ್ತಿ ನಿಂತು, ನ್ಯೂಟ್ರಲ್ ಆಗಿ, ಬ್ರೇಕ್ ಹಿಡಿದು, ಕನ್ನಡಿಯಲ್ಲಿ ಹಿಂದೆ ನೋಡಿ, "ಇಳೀರಿ". ನೀವು ಆಮೇಲೆ.

ಹೊರಟ ಮೇಲೆ

ಮೊದಲ ಗೇರಿನಲ್ಲಿ ಎಂದಿಗಿಂತ ಸ್ವಲ್ಪ ಹೆಚ್ಚು ರೇಸ್, ಕ್ಲಚ್ಚು ಇನ್ನೂ ನಿಧಾನ. ರೇಸ್ ಕಡಿಮೆಯಾದರೆ ಆಫ್ ಆಗುತ್ತದೆ. ಕ್ಲಚ್ಚು ಒಮ್ಮೆಲೇ ಬಿಟ್ಟರೆ ಹಗುರಾದ ಮೂತಿ ನೆಗೆಯುತ್ತದೆ, ಹಿಂದಿನವರು ಕಂಬಿಗೆ ಜೋತುಬೀಳುತ್ತಾರೆ. ಗಾಡಿ ಉರುಳಿದ ಕೂಡಲೇ ಎರಡೂ ಪಾದ ಮೇಲೆ, ನೆಲಕ್ಕೆ ಕಾಲು ಒರೆಸಿಕೊಂಡು ಹೋಗುವುದು ಬೇಡ.

ಗೇರು ಬದಲಿಸುವಾಗಿನ ಟಕ್ ಹೋಗಿಸಲು ನನಗೆ ಮೂರು ವಾರ ಹಿಡಿಯಿತು. ಕ್ಲಚ್ ಒತ್ತುವ ಹೊತ್ತಿಗೆ ಎಕ್ಸಲೇಟರನ್ನು ಫಟ್ಟನೆ ಮುಚ್ಚುವುದು ನಮ್ಮೆಲ್ಲರ ಚಾಳಿ. ಮುಚ್ಚಿದ ಕೂಡಲೇ ಗಾಡಿ ತಡೆಯುತ್ತದೆ, ಹಿಂದಿನ ತಲೆ ಮುಂದೆ ಬರುತ್ತದೆ. ಕ್ಲಚ್ಚು ಬಿಟ್ಟಾಗ ಗಾಡಿ ಎಳೆಯುತ್ತದೆ, ತಲೆ ಹಿಂದೆ ಹೋಗುತ್ತದೆ. ಎಕ್ಸಲೇಟರನ್ನು ಕ್ಲಚ್ಚಿನ ಜೊತೆಜೊತೆಗೇ ಇಳಿಸಿ, ಜೊತೆಜೊತೆಗೇ ಏರಿಸಿ. ಇನ್ನೊಂದು, ಇಬ್ಬರಿರುವಾಗ ಗಾಡಿಗೆ ಎಳೆತ ಕಡಿಮೆ, ಆದ್ದರಿಂದ ಪ್ರತಿ ಗೇರಿನಲ್ಲೂ ಸ್ವಲ್ಪ ಹೆಚ್ಚು ಹೊತ್ತು ಇರಿ. ಗೇರು ಇಳಿಸುವಾಗಲೂ ಒಂದೊಂದಾಗಿ. ನಾಲ್ಕರಿಂದ ಎರಡಕ್ಕೆ ಒಮ್ಮೆಗೇ ಇಳಿಸಿದರೆ ಎಂಜಿನ್ನೇ ಬ್ರೇಕ್ ಹಾಕಿದಂತಾಗಿ ಹಿಂದಿನವರು ನಿಮ್ಮ ಬೆನ್ನಿಗೆ ಬಂದು ಕೂರುತ್ತಾರೆ.

ಬ್ರೇಕಿನ ವಿಷಯ ವಿವರವಾಗಿ ನೋಡಬೇಕಾದ್ದು. ಒಬ್ಬರೇ ಇದ್ದಾಗ ಮುಂದಿನ ಬ್ರೇಕಿನದ್ದೇ ಪಾರುಪತ್ಯ, ಹಿಂದಿನದು ಬೇಗ ಲಾಕ್ ಆಗಿ ಜಾರುತ್ತದೆ. ಹಿಂದೆ ಒಬ್ಬರು ಕೂತಾಗ ಹಿಂದಿನ ಚಕ್ರ ನೆಲಕ್ಕೆ ಒತ್ತಿಕೊಂಡಿರುತ್ತದೆ, ಹಾಗಾಗಿ ಹಿಂದಿನ ಬ್ರೇಕಿನಿಂದ ಮೊದಲಿಗಿಂತ ಹೆಚ್ಚು ಕೆಲಸ ತೆಗೆಯಬಹುದು. ಮೊದಲು ಹಿಂದಿನದನ್ನು ಹಗುರಾಗಿ ಒತ್ತಿ ಗಾಡಿಯನ್ನು ಕೂರಿಸಿ, ಅದರ ಬೆನ್ನಿಗೇ ಮುಂದಿನದನ್ನು ಹಿಂಡುತ್ತಾ ಹೋಗಿ, ನಿಂಬೆಹಣ್ಣು ಹಿಂಡಿದ ಹಾಗೆ. ನಿಲ್ಲುವ ಕೊನೆಯ ಒಂದು ಗಜದಲ್ಲಿ ಮುಂದಿನದನ್ನು ಸಡಿಲಿಸಿ ಹಿಂದಿನದರಲ್ಲೇ ನಿಲ್ಲಿಸಿದರೆ ಮೂತಿ ಮುಳುಗಿ ಏಳುವುದಿಲ್ಲ, ಟಕ್ಕೂ ಇಲ್ಲ. 2019ರ ಏಪ್ರಿಲ್ ನಂತರದ ಗಾಡಿಗಳಲ್ಲಿ 125 ಸಿಸಿ ಮೀರಿದವಕ್ಕೆ ಎಬಿಎಸ್, ಅದರೊಳಗಿನವಕ್ಕೆ ಕನಿಷ್ಠ ಸಿಬಿಎಸ್ ಇರಲೇಬೇಕು. ಚಕ್ರ ಲಾಕ್ ಆಗದಂತೆ ಎಬಿಎಸ್ ನೋಡಿಕೊಳ್ಳುತ್ತದೆ, ಸಿಬಿಎಸ್ ಒಂದು ಬ್ರೇಕ್ ಒತ್ತಿದರೆ ಎರಡನ್ನೂ ಹಿಡಿಸುತ್ತದೆ. ಎರಡೂ ನಿಮ್ಮ ತೂಕ ಇಳಿಸುವುದಿಲ್ಲ. ಮುಂದಿನ ಗಾಡಿಗೆ ನೀವು ದಿನಾ ಬಿಡುವ ಅಂತರವನ್ನು ಎರಡು ಪಟ್ಟು ಮಾಡಿ. ಆ ಸಂದಿಗೆ ಆಟೋ ನುಗ್ಗುತ್ತದೆ, ನಿಜ. ನುಗ್ಗಲಿ, ಮತ್ತೆ ಅಂತರ ಬಿಡಿ.

ಹಂಪು ಕಂಡ ಕೂಡಲೇ "ಹಂಪು" ಎಂದು ಕೂಗಿ. ನನಗೆ ಮೊದಮೊದಲು ನಾಚಿಕೆ ಆಗುತ್ತಿತ್ತು, ಈಗ ಬಾಯಿಂದ ತಾನಾಗಿ ಬರುತ್ತದೆ. ನಮ್ಮ ಬೀದಿಗಳ ಹಂಪುಗಳಿಗೆ ಬಣ್ಣವಿರುವುದು ಅಪರೂಪ, ಮರದ ನೆರಳಿನಲ್ಲಂತೂ ಕಾಣುವುದೇ ಇಲ್ಲ. ಬ್ರೇಕ್ ಎಲ್ಲವೂ ಹಂಪಿನ ಮೊದಲೇ ಮುಗಿಯಲಿ. ಹಂಪಿನ ಮೇಲೆ ಬ್ರೇಕ್ ಬಿಟ್ಟು ಹಾಯಾಗಿ ಉರುಳಿಸಿ. ಹಿಂದಿನವರಿಗೆ ಬೀಳುವ ಏಟು ನಿಮ್ಮದಕ್ಕಿಂತ ಹೆಚ್ಚು, ಅವರು ಚಕ್ರದ ನೇರ ಮೇಲೆ ಕೂತಿರುವುದು.

ಏರಿಗೆ ಬೆಂಗಳೂರಿನಲ್ಲಿ ನನ್ನ ಪರೀಕ್ಷಾ ಕೊಠಡಿ ರಿಚ್ಮಂಡ್ ಸರ್ಕಲ್ ಫ್ಲೈಓವರ್. ಫ್ಲೈಓವರ್ ಮೇಲೆ ಸಿಗ್ನಲ್ ಇಟ್ಟ ಮಹಾನುಭಾವರಿಂದಾಗಿ ಏರಿನಲ್ಲೇ ಸಾಲುಗಟ್ಟಿ ನಿಲ್ಲಬೇಕಾಗುತ್ತದೆ, ಹಿಂದೆ ಕಾರಿನ ಬಂಪರು ಅಂಟಿಕೊಂಡಿರುತ್ತದೆ. ಅಲ್ಲಿ ಎಡಗಾಲು ಮಾತ್ರ ಕೆಳಗೆ, ಬಲಗಾಲು ಹಿಂದಿನ ಬ್ರೇಕಿನ ಮೇಲೆ ಗಟ್ಟಿ. ಹಸಿರು ಬಿದ್ದಾಗ ಬ್ರೇಕ್ ಬಿಡದೆಯೇ ರೇಸ್ ಕೊಟ್ಟು ಕ್ಲಚ್ಚನ್ನು ಎಂಜಿನ್ ಶಬ್ದ ದಪ್ಪಗಾಗುವವರೆಗೆ ಬಿಡಿ. ಗಾಡಿ ಮುಂದಕ್ಕೆ ತುಡಿಯುತ್ತಿದೆ ಎನಿಸಿದಾಗ ಬ್ರೇಕ್ ಸಡಿಲಿಸಿ. ಇದನ್ನು ಮೊದಲು ರಾಮಾಂಜನೇಯ ಗುಡ್ಡದ ಸುತ್ತಲಿನ ಏರುಗಳಂಥ ಶಾಂತ ಬೀದಿಯಲ್ಲಿ ಕಲಿತು ಆಮೇಲೆ ಫ್ಲೈಓವರಿಗೆ ಹೋಗಿ.

ಸಂದಿಯಲ್ಲಿ ನುಸುಳುವ ಚಟ ಇದ್ದವರಿಗೆ ಒಂದು ಮಾತು. ನಿಮ್ಮ ಹ್ಯಾಂಡಲ್ ಹೋದ ಕಡೆ ಇಡೀ ಗಾಡಿ ಹೋಗುತ್ತದೆ ಎನ್ನುವ ಲೆಕ್ಕ ಇನ್ನು ನಡೆಯುವುದಿಲ್ಲ, ಹಿಂದೆ ಎರಡು ಮಂಡಿಗಳು ಹೊರಗೆ ಚಾಚಿಕೊಂಡಿವೆ. ಬಿಎಂಟಿಸಿ ಬಸ್ಸಿಗೂ ಡಿವೈಡರಿಗೂ ನಡುವಿನ ಜಾಗ ಅವಕ್ಕೆ ಸಾಲದು. ಓವರ್‌ಟೇಕ್‌ಗೂ ಅಷ್ಟೇ, ದಿನಾ ಹೊಡೆಯುವ ಅಂದಾಜಿನಲ್ಲಿ ಹೋದರೆ ಅರ್ಧಕ್ಕೆ ಪಿಕಪ್ ಕೈಕೊಡುತ್ತದೆ.

ಸೀರೆ, ದುಪಟ್ಟಾ, ಮಕ್ಕಳು, ಬ್ಯಾಗು

ಅಮ್ಮ ಎರಡೂ ಕಡೆ ಕಾಲು ಹಾಕಿ ಕೂರಲು ಒಪ್ಪಿದ್ದು ಚೂಡಿದಾರ್ ಹಾಕಲು ಶುರುಮಾಡಿದ ಮೇಲೆ. ಸಾಧ್ಯವಿದ್ದರೆ ಅದೇ ಸರಿ. ಮದುವೆಮನೆಗೆ ಹೊರಟವರಿಗೆ ಅದನ್ನು ಹೇಳಲು ಆಗುವುದಿಲ್ಲ, ಹಾಗಾಗಿ ಇದೂ ಗೊತ್ತಿರಲಿ. ಒಂದೇ ಕಡೆ ಕೂತವರ ಭಾರ ಎಡಕ್ಕೆ ಎಳೆಯುತ್ತಿರುತ್ತದೆ, ನೀವು ಉದ್ದಕ್ಕೂ ಹ್ಯಾಂಡಲ್ಲಿನಲ್ಲಿ ಅದನ್ನು ಸರಿದೂಗಿಸುತ್ತಿರಬೇಕು. ಅವರ ಮಂಡಿ, ಪಾದ ಎಡಕ್ಕೆ ಚಾಚಿಕೊಂಡಿರುತ್ತವೆ. ಎಡಗಡೆ ನಿಂತ ಆಟೋ, ಫುಟ್‌ಪಾತಿನ ಅಂಚು, ಗಿಡದ ಕಟ್ಟೆ ಎಲ್ಲದಕ್ಕೂ ಎಂದಿಗಿಂತ ಒಂದು ಮೊಳ ದೂರ ಇರಿ. ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿ, ನೆರಿಗೆಯನ್ನು ಮಂಡಿಯ ಕೆಳಗೆ ಒತ್ತಿಕೊಂಡು, ಪಾದವನ್ನು ಸೀರೆ ಗಾರ್ಡಿನ ಮೆಟ್ಟಿಲ ಮೇಲೆ ಇಡಲಿ. ಬಲಗೈ ನಿಮ್ಮ ಸೊಂಟದ ಸುತ್ತ, ಎಡಗೈ ಕಂಬಿಗೆ.

ದುಪಟ್ಟಾ ಸೀರೆಗಿಂತ ಅಪಾಯ. ಅದು ಹಗುರ, ಗಾಳಿಗೆ ಹಾರಿ ಚಕ್ರದ ಕಡ್ಡಿಗೋ ಚೈನಿಗೋ ಸಿಕ್ಕಿದರೆ ಕತ್ತಿನಿಂದಲೇ ಎಳೆಯುತ್ತದೆ. ಹೊರಡುವ ಮೊದಲು ತೆಗೆದು ಬ್ಯಾಗಿಗೆ ಹಾಕಿಸಿ, ಇಲ್ಲವೇ ಜರ್ಕಿನ್ ಒಳಗೆ ಸೇರಿಸಿ ಜಿಪ್ ಎಳೆಸಿ. ಪಕ್ಕದಲ್ಲಿ ಹೋಗುವ ಗಾಡಿಯ ದುಪಟ್ಟಾ ಇಳಿಬಿದ್ದಿರುವುದು ಕಂಡರೆ ಕೂಗಿ ಹೇಳುವುದು ಬೆಂಗಳೂರಿನ ರಸ್ತೆಯಲ್ಲಿ ಇನ್ನೂ ಉಳಿದಿರುವ ಒಂದು ಒಳ್ಳೆಯ ಪದ್ಧತಿ. ಸೈಡ್ ಸ್ಟ್ಯಾಂಡಿಗೂ ಹಾಗೇ ಕೂಗುತ್ತೇವೆ.

ಮಕ್ಕಳ ವಿಷಯದಲ್ಲಿ ನನ್ನ ಅಳತೆಗೋಲು: ಪಾದ ಫುಟ್‌ರೆಸ್ಟಿಗೆ ಎಟುಕಬೇಕು, ಎಚ್ಚರವಾಗಿ ಹಿಡಿದುಕೊಂಡು ಕೂರುವ ವಯಸ್ಸಾಗಿರಬೇಕು. ನಾಲ್ಕು ವರ್ಷದೊಳಗಿನ ಮಕ್ಕಳಿಗೆ 2022ರ ಫೆಬ್ರುವರಿಯಲ್ಲಿ ಹೊರಡಿಸಿ ಒಂದು ವರ್ಷದ ನಂತರ ಜಾರಿಗೆ ಬಂದ ಕೇಂದ್ರದ ನಿಯಮವೇ ಇದೆ: ಮಗುವನ್ನು ಸವಾರನಿಗೆ ಸೇರಿಸಿ ಕಟ್ಟುವ ಬೆಲ್ಟು, ಮಗುವಿನ ತಲೆಗೆ ಸರಿಹೊಂದುವ ಹೆಲ್ಮೆಟ್, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು. ಸಂಜೆ ಶಾಲೆ ಬಿಟ್ಟ ಮೇಲೆ ಮಕ್ಕಳು ಹಿಂದೆ ಕೂತಲ್ಲೇ ತೂಕಡಿಸುತ್ತಾರೆ, ಮಾತಾಡಿಸುತ್ತಲೇ ಇರಿ.

ಲ್ಯಾಪ್‌ಟಾಪ್ ಬ್ಯಾಗು ನಿಮ್ಮ ಬೆನ್ನಲ್ಲಿದ್ದರೆ ಹಿಂದಿನವರು ಸೀಟಿನ ತುದಿಗೆ ಹೋಗುತ್ತಾರೆ, ಭಾರ ಇನ್ನೂ ಹಿಂದಾಗುತ್ತದೆ. ಅವರ ಬೆನ್ನಿಗಿದ್ದರೂ ಗಾಡಿಯ ಬಾಲಕ್ಕೇ ಜೋತುಬಿದ್ದಂತೆ. ಇಬ್ಬರ ನಡುವೆ ತೆಳ್ಳಗಿನ ಒಂದೇ ಬ್ಯಾಗು, ಅದಕ್ಕಿಂತ ಹೆಚ್ಚಿದ್ದರೆ ಆಟೋ ಹಿಡಿಯಿರಿ.

ಎಲ್ಲಿ, ಯಾವಾಗ

ಮೊದಲ ಸವಾರಿ ಭಾನುವಾರ ಬೆಳಿಗ್ಗೆ ಆರೂವರೆಗೆ, ಒಣ ರಸ್ತೆಯಲ್ಲಿ. ನನ್ನ ಸುತ್ತು ಗಾಂಧಿಬಜಾರ್, ಕೃಷ್ಣರಾವ್ ಪಾರ್ಕ್, ಸೌತ್ ಎಂಡ್ ಸರ್ಕಲ್, ಜಯನಗರದ ಮಾಧವನ್ ಪಾರ್ಕ್, ವಾಪಸ್. ಅಗಲ ರಸ್ತೆ, ಮರದ ನೆರಳು, ತಿರುವು ಸಾಕಷ್ಟು, ನಡುವೆ ನಿಲ್ಲಲು ಕಾಫಿ. ನಿಮ್ಮ ಕಡೆಯದ್ದು ಮಲ್ಲೇಶ್ವರವೋ ರಾಜಾಜಿನಗರವೋ ಆದರೆ ಅಲ್ಲಿನ ಒಳರಸ್ತೆಗಳಲ್ಲೇ ಇಂಥದ್ದೊಂದು ಸುತ್ತು ಕಟ್ಟಿಕೊಳ್ಳಿ. ನಾಲ್ಕೈದು ಭಾನುವಾರದ ನಂತರ ವಾರದ ದಿನದ ಮಧ್ಯಾಹ್ನ. ಸಿಲ್ಕ್ ಬೋರ್ಡು, ಹೆಬ್ಬಾಳದಂಥವು ಕೊನೆಗೆ. ಅಲ್ಲಿ ಕಷ್ಟ ವೇಗದ್ದಲ್ಲ, ಒಂದು ಗಂಟೆ ಹಾಫ್ ಕ್ಲಚ್ಚಿನಲ್ಲಿ ಇಬ್ಬರ ಭಾರ ಹಿಡಿದ ಎಡಗೈ ಸೋತುಹೋಗುವುದು.

ಮಳೆ ಬಂದರೆ ಮೊದಲ ಹತ್ತಿಪ್ಪತ್ತು ನಿಮಿಷ ಎಲ್ಲಾದರೂ ನಿಂತುಬಿಡಿ. ರಸ್ತೆಯ ಎಣ್ಣೆ, ಧೂಳು ಕಲಸಿ ಜಾರುವುದು ಆಗಲೇ. ಮೆಟ್ರೋ ಕಾಮಗಾರಿಯ ಕಬ್ಬಿಣದ ತಗಡು, ಮ್ಯಾನ್‌ಹೋಲ್ ಮುಚ್ಚಳಗಳ ಮೇಲೆ ತಿರುಗಿಸುವುದು, ಬ್ರೇಕ್ ಹಿಡಿಯುವುದು ಎರಡೂ ಬೇಡ. ಇನ್ನೊಂದನ್ನು ಹೊರಗಿನವರು ನಂಬುವುದಿಲ್ಲ: ಹೂವು. ಫೆಬ್ರುವರಿ, ಮಾರ್ಚಿನಲ್ಲಿ ತಬೂಬಿಯಾ, ಬೇಸಿಗೆಯಲ್ಲಿ ಗುಲ್‌ಮೊಹರ್, ಮಳೆಗಾಲ ಮುಗಿಯುವಾಗ ಆಕಾಶಮಲ್ಲಿಗೆ. ಫೋಟೋಗೆ ಚೆಂದ. ಒದ್ದೆಯಾದಾಗ ಚಕ್ರಕ್ಕೆ ಅದು ಬಾಳೆಹಣ್ಣಿನ ಸಿಪ್ಪೆ.

ಊರಾಚೆ ಹೋಗುವ ಆಸೆ ಬೇಗ ಬರುತ್ತದೆ. ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ನಂದಿಬೆಟ್ಟ ಎಲ್ಲರ ಮೊದಲ ಕನಸು, ಆದರೆ 1,478 ಮೀಟರ್ ಎತ್ತರದ ಬೆಟ್ಟಕ್ಕೆ ಬೆಳಗಿನ ಮಬ್ಬಿನಲ್ಲಿ, ಮಂಜಿನಲ್ಲಿ, ಇಬ್ಬರ ಭಾರದಲ್ಲಿ ಹೇರ್‌ಪಿನ್ ತಿರುವು ಹತ್ತುವುದನ್ನು ಎರಡನೇ ತಿಂಗಳಿಗೆ ಇಟ್ಟುಕೊಳ್ಳಬೇಡಿ. ಇಳಿಯುವಾಗ ಇನ್ನೂ ಕಷ್ಟ, ಹಿಂದಿನವರು ಉದ್ದಕ್ಕೂ ನಿಮ್ಮ ಮೇಲೆ ಜಾರುತ್ತಿರುತ್ತಾರೆ. ಎರಡನೇ ಗೇರಿನಲ್ಲಿ ಎಂಜಿನ್ನಿಗೇ ತಡೆಯಲು ಬಿಟ್ಟು, ಬ್ರೇಕನ್ನು ಆಗಾಗ ಮಾತ್ರ ಹಿಡಿದು ಇಳಿಯಿರಿ. ಎಲ್ಲೇ ಹೋಗಿ, 40-50 ಕಿಲೋಮೀಟರಿಗೊಮ್ಮೆ ನಿಲ್ಲಿಸಿ. ನಿಮಗೆ ನೋವಿರುವುದಿಲ್ಲ, ಹಿಂದಿನ ಸೀಟಿನವರಿಗೆ ಇರುತ್ತದೆ.

ಮನೆಗೆ ಬಂದ ಮೇಲೆ ಒಂದು ಕೆಲಸ ಉಳಿದಿದೆ. ಸೋಮವಾರ ಒಬ್ಬರೇ ಆಫೀಸಿಗೆ ಹೋಗುವ ಮೊದಲು ಸ್ಪ್ರಿಂಗನ್ನು ಹಿಂದಿನ ಮೆಟ್ಟಿಲಿಗೆ ತನ್ನಿ, ಗಾಳಿ ಇಳಿಸಿ. ಇಲ್ಲವಾದರೆ ಗಾಡಿ ಕಲ್ಲಿನ ಹಾಗೆ ಎಗರುತ್ತದೆ, ಹಿಂದಿನ ಚಕ್ರದ ಹಿಡಿತವೂ ಕಡಿಮೆ.

ಅಪ್ಪನನ್ನು ಮತ್ತೆ ಕೂರಿಸಿಕೊಂಡಿದ್ದು ಆರು ವಾರ ಬಿಟ್ಟು, ಅದೇ ದಾರಿಯಲ್ಲಿ. ಈ ಸಲ ಸಿಗ್ನಲ್ಲಿನಲ್ಲಿ ಅವರ ಕಾಲು ಕೆಳಗೆ ಬರಲಿಲ್ಲ. ಇಳಿದು ಹೆಲ್ಮೆಟ್ ತೆಗೆದು, "ಎರಡು" ಅಂದರು. ಒಂದು ಹೆಜ್ಜೆ ಹೋಗಿ ತಿರುಗಿ, "ಅದ್ರಲ್ಲಿ ಒಂದು ನಂದೇ ಕಣೇ, ಬಜ್ಜಿ ಅಂಗಡಿ ನೋಡ್ತಿದ್ದೆ."